ಕೂಗುಪಾರೆ

ನದಿ ಕಡಲಿಗೆ ಸೇರುವ ಅಳಿವೆಯ ತೆಂಕು ದಡದಲ್ಲಿ ಒಂದು ಕರಿಬಂಡೆಯಿದೆ. ದೊಡ್ಡದೂ ಅಲ್ಲ, ನೋಡಲು ಚಂದವೂ ಅಲ್ಲ. ಆದರೂ ಊರಿನವರು ಅದನ್ನು ಕೂಗುಪಾರೆ ಎಂದು ಕರೆಯುತ್ತಾರೆ. ಗಾಳಿ ಬೀಸಿದಾಗ ಬಂಡೆ ಕೂಗುತ್ತದೆಂದು ಪೇಟೆಯಿಂದ ಬಂದವರು ಹೇಳುವುದುಂಟು. ಅದೆಲ್ಲ ಬುರುಡೆ. ಬಂಡೆ ಎಲ್ಲಾದರೂ ಕೂಗೀತೇ?

ಹಿಂದೆ ಒಮ್ಮೆ ಅಕ್ಕಣಿ ಎಂಬ ವಿಧವೆ ಈ ಅಳಿವೆಯಲ್ಲಿ ಚಿಪ್ಪಿ ಹೆಕ್ಕಿ, ಒಬ್ಬಳೇ ಮಗಳು ತುಂಗಿಯನ್ನು ಸಾಕುತ್ತಿದ್ದಳು ಎನ್ನುತ್ತಾರೆ. ಆ ನೀರಿನಲ್ಲಿ ತೊರಕೆ ಮೀನಿನ ಕಾಟ. ಮೊರದಗಲದ ಮೈಯನ್ನು ಮರಳಿನಡಿ ಹುದುಗಿಸಿ ಮಲಗುವ ಪ್ರಾಣಿ ಅದು. ತುಳಿದವರಿಗೆ ಬಾಲದ ವಿಷಮುಳ್ಳು ಚುಚ್ಚುತ್ತದೆ. ಆದ್ದರಿಂದ ಹೆಂಗಸರು ಹಾಡಿನ ಪದ ಹೇಳುತ್ತ, ಅದರ ಎಳೆತಕ್ಕೆ ಸರಿಯಾಗಿ, ಪಾದ ಎತ್ತದೆ ಮರಳಿನಲ್ಲಿ ಎಳೆಯುತ್ತ ನಡೆಯುತ್ತಿದ್ದರು. ಮರಳು ಅಲುಗಿದರೆ ತೊರಕೆ ತಾನೇ ಜಾರಿಕೊಳ್ಳುತ್ತಿತ್ತು. ಯಾರ ದನಿ ನಿಂತರೂ ಉಳಿದವರು ತಿರುಗಿ ನೋಡುತ್ತಿದ್ದರು. ತುಂಗಿಯದು ಎಲ್ಲರಿಗಿಂತ ದೊಡ್ಡ ದನಿ. ಹೆಬ್ಬೆರಳಷ್ಟಿರುವ ಸೂರಕ್ಕಿ ಎಂಬ ಹಕ್ಕಿ ಬೆಕ್ಕು ಕಂಡರೆ ಕೇರಿಯನ್ನೇ ಎಬ್ಬಿಸುವುದಿಲ್ಲವೇ, ಹಾಗೆ. ಆ ಬಾಯಿಯಿಂದಲೇ ಎರಡು ಸಂಬಂಧ ತಪ್ಪಿದ್ದವು. ಅಕ್ಕಣಿಗೆ ಅದೇ ಕೊರಗು.

ಆಗೆಲ್ಲ ಹೆಣ್ಣು ನೋಡುವುದು ಮನೆಯಲ್ಲಲ್ಲ. ಗಂಡಿನ ತಾಯಿ ದಡದಲ್ಲಿ ನಿಂತು, ಹುಡುಗಿ ನೀರಿನಲ್ಲಿ ದುಡಿಯುವುದನ್ನು ನೋಡುತ್ತಿದ್ದಳು. ಆ ದಿನ ಬೇರೆ ಹೆಂಗಸರು ನೀರಿಗೆ ಇಳಿಯುತ್ತಿರಲಿಲ್ಲ. ಮೂರನೆಯ ಸಂಬಂಧದವಳು ಬಂಡೆಯೇರಿ ನಿಂತಾಗ ಅಕ್ಕಣಿ ಮಗಳ ಗಲ್ಲ ಹಿಡಿದು, "ಇವತ್ತೊಂದಿನ ಸೂರಕ್ಕಿ ಹಾಂಗೆ ಕೂಗಬೇಡ ಮಗಾ. ತೊರಕೆ ಹಾಂಗೆ ಸುಮ್ಮನಿರು. ಏನೇ ಆದ್ರೂ ಬಾಯಿ ಬಿಡಬೇಡ, ನನ್ನಾಣೆ" ಅಂದಳು. ಅಯ್ಯೋ, ಹೆತ್ತವಳ ಆಸೆಗೆ ಕಣ್ಣಿಲ್ಲ! ಹಕ್ಕಿ ಕೂಗಿ ಬದುಕುತ್ತದೆ, ತೊರಕೆ ಸುಮ್ಮನಿದ್ದು ಬದುಕುತ್ತದೆ. ಆದರೆ ತೊರಕೆಗೆ ಮುಳ್ಳಿದೆ, ಮಗಳಿಗೆ ಏನಿತ್ತು?

ಪದವಿಲ್ಲದೆ ತುಂಗಿಯ ಕಾಲು ಹದ ತಪ್ಪಿತು. ಎತ್ತಿ ಇಟ್ಟ ಹೆಜ್ಜೆ ತೊರಕೆಯ ಮೇಲೇ ಬಿತ್ತು. ಅಕ್ಕಣಿ ಅವಳಿಗಿಂತ ಮುಂದೆ, ಬೆನ್ನು ತಿರುಗಿಸಿ ಚಿಪ್ಪಿ ಹೆಕ್ಕುತ್ತಿದ್ದಳು. ಹಿಂದೆ ಸದ್ದಿಲ್ಲ, ಮಗಳು ತನ್ನ ಮಾತು ಕೇಳಿದಳೆಂದು ಅವಳ ಎದೆ ತುಂಬಿ ಬಂತು. ಹುಡುಗಿ ಬಗ್ಗಿದ್ದನ್ನು ಕಂಡು, ಚಿಪ್ಪಿ ಹೆಕ್ಕುತ್ತಿದ್ದಾಳೆಂದೇ ತಿಳಿದ ಗಂಡಿನ ತಾಯಿ ಬಂಡೆಯ ಮೇಲಿಂದ, "ನಮಗೆ ಒಪ್ಪಿಗೆ ಮಾರಾಯ್ತಿ! ನಿನ್ನ ಮಗಳಿಗೆ ಬಾಯೇ ಇಲ್ಲ ಅಲ್ದಾ!" ಎಂದಳು. ಅಕ್ಕಣಿ ನಗುತ್ತ ತಿರುಗಿದಳು. ಅಷ್ಟರಲ್ಲಿ ಮಗಳು ಇದ್ದ ತಗ್ಗಿನಲ್ಲಿ ಭರತದ ನೀರು ಎದೆಮಟ್ಟ ಏರಿತ್ತು. ತುಂಗಿಯ ಬುಟ್ಟಿಯೊಂದೇ ತೇಲುತ್ತಿತ್ತು. ದಡಕ್ಕೆ ಎಳೆದು ತಂದಾಗಲೂ ಹುಡುಗಿಯ ಹಲ್ಲುಗಳು ಸೆರಗಿನ ತುದಿಯನ್ನು ಬಿಗಿಯಾಗಿ ಕಚ್ಚಿಕೊಂಡೇ ಇದ್ದವು.

ಅಕ್ಕಣಿ ಮತ್ತೆ ಮನೆಗೆ ಹೋಗಲಿಲ್ಲ ಎನ್ನುತ್ತಾರೆ. ಸಾಯುವವರೆಗೂ ಆ ಬಂಡೆಯ ಮೇಲೆ ಕುಳಿತು, ನೀರು ನೋಡುತ್ತ, "ಕೂಗೇ ಮಗಾ, ಒಂದ್ಸಲ ಕೂಗೇ" ಎನ್ನುತ್ತಿದ್ದಳಂತೆ. ದನಿ ಬಿದ್ದುಹೋದ ಮೇಲೂ ತುಟಿ ಆಡುತ್ತಲೇ ಇತ್ತಂತೆ. ಹೆಸರು ಬಂದದ್ದು ಹಾಗೆ.

ಅಳಿವೆಗೆ ಹೋದವರು ಈಗಲೂ ನೋಡಬಹುದು: ಮಗಳನ್ನು ಮೊದಲ ಸಲ ನೀರಿಗಿಳಿಸುವ ತಾಯಿ ಅವಳನ್ನು ಆ ಬಂಡೆಯ ಮೇಲೆ ನಿಲ್ಲಿಸಿ "ಕೂಗು" ಎನ್ನುತ್ತಾಳೆ. ಹುಡುಗಿಯರಿಗೆ ಅದೊಂದು ತಮಾಷೆ, ನಗುತ್ತಲೇ ಕೂಗುತ್ತಾರೆ. ತಾಯಂದಿರು ನಗುವುದಿಲ್ಲ. "ಸಾಲದು, ಇನ್ನೂ ಜೋರಾಗಿ" ಎನ್ನುತ್ತಾರೆ.