ಬಾರದ ಸುದ್ದಿ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ನೀಲಗಂಗಮ್ಮ ಎಂಬ ಗುರು ಇದ್ದರು. ಶಿಷ್ಯರೂ ಊರಿನವರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು.

ಪ್ರಾಯದಲ್ಲಿ ಅವರು ಅಣೆಕಟ್ಟೆಗಳ ವೈರ್‌ಲೆಸ್ ಕೆಲಸದಲ್ಲಿದ್ದವರು. ಅದನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಸಿದ್ದರು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಶಿಷ್ಯರು ನೀರು, ಮಳೆ ಅಳೆಯುವ ಸೆನ್ಸರುಗಳನ್ನು ಮುಂದಿಟ್ಟುಕೊಂಡು ಪಾಠಕ್ಕೆ ಅವರ ಸುತ್ತ ಕೂರುತ್ತಿದ್ದರು.

ಆ ಹೊಳೆಗೆ ಒಂದು ಕೆಟ್ಟ ಗುಣವಿತ್ತು. ಊರಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮೇಲಿನ ಸೀಮೆಯಲ್ಲಿ ಮಳೆ ಸುರಿದು, ಹೇಳದೆ ಕೇಳದೆ ಬಂದುಬಿಡುತ್ತಿತ್ತು.

ಆ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದವನು ಅಂಬಿಗರ ಯಮನಪ್ಪ. ಹೊಲಕ್ಕೆ ಹೋಗುವ ಹೆಂಗಸರು, ಬೀಗರ ಮನೆಗೆ ಹೊರಟವರು, ಹಾಲಿನ ಕ್ಯಾನು, ಮೇಕೆಮರಿ, ಎಲ್ಲವೂ ಅವನ ಹರಗೋಲಿನಲ್ಲೇ ಆಚೆ ದಂಡೆಗೆ ಹೋಗಬೇಕು.

ಅವನಿಗಾಗಿ ಅಕ್ಕೋರು ದಂಡೆಯ ಮೇಲೊಂದು ದೀಪ ನಿಲ್ಲಿಸಿದರು. ಹಸಿರಿದ್ದರೆ ಹೋಗಬಹುದು. ಕೆಂಪಿದ್ದರೆ ಹೋಗಬಾರದು.

ಮೇಲೆ, ಹೊಳೆ ತಿರುಗುವ ಕಡೆ, ಬಂಡೆಗೆ ಕಟ್ಟಿದ ಒಂದು ಸೆನ್ಸರ್ ನೀರಿನ ಮಟ್ಟ ಅಳೆಯುತ್ತಿತ್ತು. ಅಳೆದದ್ದನ್ನು ಗುಡ್ಡದ ಮೇಲಿನ ಒಂದು ಪೆಟ್ಟಿಗೆಗೆ ರೇಡಿಯೋದಲ್ಲಿ ಹೇಳುತ್ತಿತ್ತು. ಪೆಟ್ಟಿಗೆ ಅದನ್ನು ಮೊಬೈಲ್ ಟವರಿನ ಮೂಲಕ ಕ್ಲೌಡಿಗೆ, ಎಂದರೆ ಇಂಟರ್ನೆಟ್ಟಿನಲ್ಲಿರುವ ದೂರದ ಕಂಪ್ಯೂಟರಿಗೆ, ಮುಟ್ಟಿಸುತ್ತಿತ್ತು. ಕ್ಲೌಡಿನಿಂದ ಸುದ್ದಿ ದೀಪಕ್ಕೆ ಬರುತ್ತಿತ್ತು.

ಆ ಪೆಟ್ಟಿಗೆಯನ್ನು ಅಕ್ಕೋರು ಗುರುಪಾದನಿಗೆ ಒಪ್ಪಿಸಿದರು. ಅವನು ಪಾಲಿಟೆಕ್ನಿಕ್ ಮುಗಿಸಿ ಆಶ್ರಮಕ್ಕೆ ಬಂದವನು. ಕೈ ಚುರುಕು, ಮನಸ್ಸು ಮೆದು.

ಪಾಠ ಶುರುವಾದ ದಿನ ಗುರುಪಾದ ಕೇಳಿದ, "ಪೆಟ್ಟಿಗಿ ನೇರ ದೀಪಕ್ಕ ಹೇಳಬಾರದೇನ್ರಿ, ಅಕ್ಕೋರೇ?"

"ದೀಪ ಆ ಹೊತ್ತಿಗೆ ಮಲಗಿದ್ರ?"

ಅಕ್ಕೋರು ಬಿಡಿಸಿ ಹೇಳಿದರು. ಹೇಳುವವನು ಕೇಳುವವನನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನಡುವೆ, ಕ್ಲೌಡಿನೊಳಗೆ, ಬ್ರೋಕರ್ ಎಂಬವನೊಬ್ಬ ಕೂತಿರುತ್ತಾನೆ; ಮನುಷ್ಯನಲ್ಲ, ಒಂದು ಪ್ರೋಗ್ರಾಮು. ಹೇಳುವವನು ತನ್ನ ಮಾತನ್ನು ಅವನ ಕೈಗೆ ಕೊಟ್ಟು ಹೋಗುತ್ತಾನೆ. ಯಾರಿಗೆ ಯಾವ ಸುದ್ದಿ ಬೇಕೋ ಅವರು ಅವನಿಗೆ ಮೊದಲೇ ಹೇಳಿಟ್ಟಿರುತ್ತಾರೆ; ಬಂದ ಮಾತನ್ನು ಅವನು ಅವರಿಗೆ ಮುಟ್ಟಿಸುತ್ತಾನೆ. ಕೊನೆಗೆ ಬಂದ ಮಾತನ್ನು ಅವನು ತೆಗೆದಿಟ್ಟುಕೊಂಡಿರುತ್ತಾನೆ. ತಡವಾಗಿ ಎಚ್ಚೆತ್ತವನಿಗೂ ಅದು ಸಿಗುತ್ತದೆ. ಈ ಪದ್ಧತಿಯ ಹೆಸರು ಎಂಕ್ಯೂಟಿಟಿ.

"ಇನ್ನೊಂದು," ಎಂದರು ಅಕ್ಕೋರು. "ಪೆಟ್ಟಿಗಿ ಬ್ರೋಕರನ ಬಾಗಿಲಿಗೆ ಬಂದ ಕೂಡಲೇ ಒಂದು ಉಯಿಲು ಬರೆಸಬೇಕು. ನಾನು ಹೇಳದೆ ಇಲ್ಲವಾದರ, ನನ್ನ ಪರವಾಗಿ ನೀನು ಈ ಮಾತು ಸಾರು, ಅಂತ. ಆ ಮಾತು, ಕೆಂಪು."

ಗುರುಪಾದನಿಗೆ ನಗು ಬಂತು. "ಬಂದ ದಿನಾನೇ ಉಯಿಲು ಯಾಕ್ರಿ?"

"ಹೋದಂವ ತಿರುಗಿ ಬಂದು, ನಾ ಹೋದೆ ಅಂತ ಹೇಳೂದಿಲ್ಲ."

ಗುರುಪಾದ ಉಯಿಲು ಬರೆಸಿದ. ದೀಪ ಹಸಿರಾಗಿ ಹೊತ್ತಿಕೊಂಡಿತು. ಯಮನಪ್ಪ ಅದಕ್ಕೆ ಕೈಮುಗಿದು ಹರಗೋಲು ನೀರಿಗಿಳಿಸಿದ.

ಆದರೆ ಗುಡ್ಡದ ಮೇಲೆ ಟವರಿನ ಸಿಗ್ನಲ್ ಸರಿಯಿರಲಿಲ್ಲ. ಆಗಾಗ ಪೆಟ್ಟಿಗೆಯ ಸಂಪರ್ಕ ಕಡಿದುಹೋಗಿ, ಎಷ್ಟೋ ಹೊತ್ತಿನ ಮೇಲೆ ಕೂಡಿಕೊಳ್ಳುತ್ತಿತ್ತು. ಕಡಿದಾಗಲೆಲ್ಲ ಬ್ರೋಕರ್ ಉಯಿಲು ಓದುತ್ತಿದ್ದ. ದೀಪ ಕೆಂಪಾಗುತ್ತಿತ್ತು.

ಹೊಳೆ ಕನ್ನಡಿಯ ಹಾಗೆ ನಿಂತಿರುತ್ತಿತ್ತು. ಯಮನಪ್ಪ ಹುಟ್ಟು ಹಿಡಿದು ದಂಡೆಯಲ್ಲಿ ನಿಂತಿರುತ್ತಿದ್ದ. ಜನ ಅವನನ್ನು ನೋಡಿ ನಗುತ್ತಿದ್ದರು.

ಒಂದು ದಿನ ಹೆರಿಗೆ ನೋವು ಶುರುವಾದ ಹೆಂಗಸೊಬ್ಬಳು ಆಚೆ ದಂಡೆಯಲ್ಲಿ ಕೂತು ಅತ್ತಳು. ಈಚೆ ದಂಡೆಯಲ್ಲಿ ದೀಪ ಕೆಂಪಾಗಿತ್ತು. ಅದು ಹಸಿರಾಗುವಷ್ಟರಲ್ಲಿ ಮರಳಿನ ಮೇಲೆಯೇ ಹೆರಿಗೆಯಾಗಿತ್ತು. ತಾಯಿಯೂ ಕೂಸೂ ಬದುಕುಳಿದರು. ಆದರೆ ಯಮನಪ್ಪ ಆ ದಿನ ಊಟ ಮಾಡಲಿಲ್ಲ.

ಗುರುಪಾದನಿಗೆ ಯಮನಪ್ಪನ ಮನೆಯಲ್ಲಿ ಸಲುಗೆಯಿತ್ತು. ಅವನನ್ನು ಕಾಕಾ ಎಂದೂ, ಅವನ ಹೆಂಡತಿ ಕಾಶವ್ವನನ್ನು ಚಿಗವ್ವ ಎಂದೂ ಕರೆಯುತ್ತಿದ್ದ. ಮರುದಿನ ಕಾಶವ್ವ ರೊಟ್ಟಿ ಬಡಿಯುತ್ತಿರುವಾಗ ಯಮನಪ್ಪ ಮೆಲ್ಲಗೆ ಹೇಳಿದ, "ನಿನ್ನ ಪೆಟ್ಟಿಗಿ ಸುಳ್ಳ ಹೇಳತೈತಿ ನೋಡಪಾ. ಹಿಂಗಾದ್ರ ನಾ ಹೊಳ್ಯಾಗ ಹೆಂಗ ದುಡೀಲಿ?"

ಗುರುಪಾದ ಅಕ್ಕೋರನ್ನು ಕೇಳಬೇಕೆಂದುಕೊಂಡ. ಅವರಿಗೆ ಆಗ ಜ್ವರವಿತ್ತು. ತಾನೇ ಹೋಗಿ ಉಯಿಲನ್ನು ಅಳಿಸಿದ.

ದೀಪ ಶಾಂತವಾಯಿತು. ಸಂಪರ್ಕ ಕಡಿದರೂ ಬ್ರೋಕರ್ ತೆಗೆದಿಟ್ಟುಕೊಂಡ ಕೊನೆಯ ಮಾತಿನ ಮೇಲೆ ಹಸಿರಾಗಿಯೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಕೂಡಿಕೊಳ್ಳುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಯಮನಪ್ಪ ಗುರುಪಾದನ ಬೆನ್ನು ತಟ್ಟಿದ.

ಜ್ವರ ಬಿಟ್ಟ ಮೇಲೆ ಅಕ್ಕೋರು ಕೇಳಿದರು, ದೀಪ ಈಗ ಕೆಂಪಾಗುವುದೇ ಇಲ್ಲವಲ್ಲ ಎಂದು. ಟವರ್ ಸುಧಾರಿಸಿರಬೇಕು ಎಂದ ಗುರುಪಾದ. ಅಕ್ಕೋರು ತಲೆಯಾಡಿಸಿದರು. ಗುಡ್ಡ ಹತ್ತಿ ನೋಡಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ. ಊರಿನಲ್ಲಿ ತೆಳು ಬಿಸಿಲಿತ್ತು. ಮೇಲಿನ ಸೀಮೆಯಲ್ಲಿ ಗಾಳಿಮಳೆ ಎದ್ದು, ಗುಡ್ಡದ ಮೇಲಿನ ಮರ ಮುರಿದು ಪೆಟ್ಟಿಗೆಯ ಮೇಲೆ ಬಿತ್ತು.

ದೀಪ ಹಸಿರಾಗಿತ್ತು.

ಅಕ್ಕೋರು ಆ ಹೊತ್ತಿನಲ್ಲಿ ದಂಡೆಗೆ ಬಂದಿದ್ದರು. ದೀಪದ ಕಡೆ ಒಮ್ಮೆ ನೋಡಿ ಆಶ್ರಮಕ್ಕೆ ತಿರುಗಿದರು.

ಯಮನಪ್ಪ ಕಳೆ ತೆಗೆಯಲು ಹೊರಟ ಹೆಂಗಸರನ್ನು ಆಚೆ ದಂಡೆಗೆ ಇಳಿಸಿದ. ಒಬ್ಬನೇ ಹಿಂದಕ್ಕೆ ಹೊರಟ. ನಡುಹೊಳೆಯಲ್ಲಿದ್ದಾಗ ಹೊಳೆ ಬಂತು.

ಹೆಂಗಸರು ಕೂಗಿಕೊಂಡರು. ಅವನಿಗೆ ಕೇಳಿಸಿತೋ ಇಲ್ಲವೋ. ಹರಗೋಲು ಬುಗುರಿಯಂತೆ ತಿರುಗುತ್ತ ಹೋಗಿ ಮಗುಚಿತು. ಅವನು ಕಾಣದಾದ ಮೇಲೂ ದೀಪ ಹಸಿರಾಗಿಯೇ ಇತ್ತು.

ಮರುದಿನ ಕೆಳಗಿನ ಊರಿನ ಜಾಲಿ ಕಂಟಿಯಲ್ಲಿ ಹೆಣ ಸಿಕ್ಕಿತು.

ಯಮನಪ್ಪನನ್ನು ಮಣ್ಣು ಮಾಡಿ ಬಂದ ಗುರುಪಾದ ಗುಡ್ಡ ಹತ್ತಿದ. ಪೆಟ್ಟಿಗೆ ಮರದಡಿ ನಜ್ಜುಗುಜ್ಜಾಗಿತ್ತು. ಅಲ್ಲಿಂದ ಹೊಳೆಯ ತಿರುವಿಗೆ ಇಳಿದ. ಬಂಡೆಗೆ ಕಟ್ಟಿದ ಸೆನ್ಸರ್ ಕೆಸರು ಮೆತ್ತಿಕೊಂಡು ಅಲ್ಲೇ ನೇತಾಡುತ್ತಿತ್ತು. ಬಿಚ್ಚಿ ನೋಡಿದ. ಒಳಗೆ ಜೀವವಿತ್ತು. ನೀರು ಏರಿದ್ದೆಲ್ಲ ಅದರ ನೆನಪಿನಲ್ಲಿತ್ತು.

ಅದನ್ನು ಎದೆಗವಚಿಕೊಂಡು ಬಂದು ಅಕ್ಕೋರ ಮುಂದಿಟ್ಟ.

"ಇದು ಕೂಗತಾನೇ ಇತ್ತು, ಅಕ್ಕೋರೇ. ಕೇಳೂ ಪೆಟ್ಟಿಗೀನೇ ಇರಲಿಲ್ಲ."

"ಉಯಿಲು?"

"ಅಳಿಸಿದ್ನಿ."

ಯಾಕೆ ಎಂದು ಅಕ್ಕೋರು ಕೇಳಲಿಲ್ಲ. ಅವನೇ ಹೇಳಿದ. ಮರಳಿನ ಮೇಲೆ ಹೆತ್ತವಳ ಸುದ್ದಿ, ಕಾಕಾನ ಮಾತು, ಟವರಿನ ಬಗ್ಗೆ ತಾನು ಆಡಿದ ಸುಳ್ಳು. ಅಕ್ಕೋರು ಕೆಸರಿನ ಸೆನ್ಸರನ್ನು ಸೆರಗಿನಿಂದ ಒರೆಸುತ್ತ ಕೇಳಿಸಿಕೊಂಡರು.

"ನನ್ನ ಇಲ್ಲಿಂದ ಕಳಿಸಿಬಿಡ್ರಿ," ಎಂದ ಗುರುಪಾದ.

"ಎಲ್ಲಿಗೆ?"

ಅವನು ಹೊಳೆಯ ಕಡೆ ನೋಡಿದ.

"ಕಾಶವ್ವನ ಮನಿಗೆ ಹೋಗು. ನನಗ ಹೇಳಿದ್ದನ್ನ ಆಕಿಗೂ ಹೇಳು."

"ಹೇಳಿದ್ರ ಆಕಿ ದುಃಖ ಕಡಿಮಿ ಆಗತದೇನ್ರಿ?"

"ಇಲ್ಲ."

"ನನ್ನದು?"

"ಇಲ್ಲ."

"ಮತ್ತ ಯಾಕ್ರಿ?"

"ಆಕಿ ಹೊಳೀನ ಬೈಕೋತ ಕೂತಾಳ."

ಗುರುಪಾದ ಹೋದ. ಕಾಶವ್ವ ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಬಳಗದವರು ಸುತ್ತ ಇದ್ದರು. ಅವರೆಲ್ಲರ ಎದುರಿಗೇ ಅವನು ನಿಂತುಕೊಂಡು ಹೇಳಿದ. ಯಾರೂ ಅವನಿಗೆ ಕೂರೆನ್ನಲಿಲ್ಲ.

ಕಾಶವ್ವ ಹೇಳಿದಳು, "ಮೊದಲ ನಿಮ್ಮ ಕಾಕಾ ಹೊಳಿಗೆ ಇಳಿಯೂ ಮುಂದ ಬೊಗಸಿ ನೀರ ತಗೊಂಡು ನೋಡತಿದ್ದ. ಬಣ್ಣ ನೋಡತಿದ್ದ, ಮೂಸಿ ನೋಡತಿದ್ದ. ಒಮ್ಮೊಮ್ಮಿ ಹಂಗೇ ಮನಿಗೆ ತಿರಿಗಿ ಬರತಿದ್ದ. ದೀಪ ಬಂದ ಮ್ಯಾಲ ಅದನ್ನ ಬಿಟ್ಟ."

ಗುರುಪಾದ ತಲೆ ತಗ್ಗಿಸಿ ನಿಂತ.

"ಅಂವ ನಿನ್ನ ಮಗನಂಗ ನಂಬಿದ್ದ," ಎಂದಳು ಕಾಶವ್ವ. "ಇನ್ನ ನೀ ನಮ್ಮ ಮನಿಗೆ ಬರಬ್ಯಾಡ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಂದ ತಾಳಲಾಗಲಿಲ್ಲ.

ಆಶ್ರಮಕ್ಕೆ ಬಂದು ಅವನು ಎಲ್ಲವನ್ನೂ ಹೇಳಿದ. ಬೊಗಸೆ ನೀರಿನ ಮಾತು ಬಂದಾಗ ಅಕ್ಕೋರು ಎದ್ದು ನಿಂತರು. ದಂಡೆಗೆ ಹೋಗಿ ದೀಪದ ವೈರು ಕಿತ್ತರು. ಅಲ್ಲೇ ಮರಳಿನ ಮೇಲೆ ಕೂತರು. ಗುರುಪಾದ ದೂರದಲ್ಲಿ ನಿಂತುಕೊಂಡ.

"ಬಾ, ಕೂಡು," ಎಂದರು.

ಅವನು ಕೂತ.

"ಆ ದಿನ ನಾನೂ ಇಲ್ಲಿಗೆ ಬಂದಿದ್ದೆ. ಹಸಿರು ನೋಡಿ ತಿರುಗಿ ಹೋದೆ. ಹೊಳಿ ನನ್ನ ಕಾಲ ಬುಡದಾಗ ಇತ್ತು. ನೋಡಲಿಲ್ಲ."

"ತಪ್ಪು ನಂದು, ಅಕ್ಕೋರೇ."

"ನಿಂದು ನಿನಗಿರಲಿ. ನಂದನ್ನ ತಗೋಬ್ಯಾಡ."

ಮರುದಿನ ಅಕ್ಕೋರು ಒಬ್ಬರೇ ಕಾಶವ್ವನ ಮನೆಗೆ ಹೋದರು. ಒಳಗೆ ಏನು ಮಾತಾಯಿತೋ ಯಾರಿಗೂ ತಿಳಿಯಲಿಲ್ಲ. ಬಂದವರು ಆ ದಿನ ಪಾಠ ಮಾಡಲಿಲ್ಲ. ಅವರು ಅಳುವುದನ್ನು ಶಿಷ್ಯರು ಅಂದೇ ಮೊದಲು ಕಂಡದ್ದು.

ಹರಗೋಲು ನಿಂತುಹೋಯಿತು. ಜನ ದೂರದ ಸೇತುವೆ ಬಳಸಿ ಹೋಗತೊಡಗಿದರು. ಗುರುಪಾದ ಆಶ್ರಮದಲ್ಲೇ ಉಳಿದ. ಹೇಳಿದ ಕೆಲಸ ಮಾಡುತ್ತಿದ್ದ, ಕೊಟ್ಟದ್ದನ್ನು ಉಣ್ಣುತ್ತಿದ್ದ. ಯಂತ್ರ ಮಾತ್ರ ಮುಟ್ಟುತ್ತಿರಲಿಲ್ಲ. ಅಕ್ಕೋರು ಮುಟ್ಟು ಎನ್ನಲೂ ಇಲ್ಲ.

ದಸರೆ ಕಳೆದ ಮೇಲೆ ಕಾಶವ್ವನ ತಮ್ಮ ಬಾಳಪ್ಪ ಆಶ್ರಮಕ್ಕೆ ಬಂದ. ಸೇತುವೆಯ ದಾರಿ ನಡೆದು ಹೆಂಗಸರು ಸೋತಿದ್ದಾರೆ, ಇನ್ನು ಮುಂದೆ ತಾನು ಹರಗೋಲು ಹಾಕುತ್ತೇನೆ ಎಂದ. ಊರಿನವರು ದೀಪ ಬೇಕು ಎನ್ನುತ್ತಿದ್ದಾರೆ ಎಂದ. ಕಾಶವ್ವ ಏನಂದಳು ಎಂದು ಅಕ್ಕೋರು ಕೇಳಿದ್ದಕ್ಕೆ, ಅವಳು ಏನೂ ಅನ್ನಲಿಲ್ಲ ಎಂದ.

ಅವನು ಹೋದ ಮೇಲೆ ಗುರುಪಾದ ಹೇಳಿದ, "ದೀಪ ಬ್ಯಾಡ್ರಿ, ಅಕ್ಕೋರೇ. ಅದು ಇರಲಿಲ್ಲ ಅಂದಿದ್ರ ಕಾಕಾ ಇರತಿದ್ದ."

"ಇರತಿದ್ದ," ಎಂದರು ಅಕ್ಕೋರು. "ಹೊಳಿ ರಾತ್ರಿ ಬಂದ್ರ ಬಣ್ಣ ಕಾಣತದೇನು?"

"ಇಲ್ರಿ."

"ಸೆನ್ಸರ್ ತಗೊಂಡು ಬಾ."

ಗುರುಪಾದ ಸೆನ್ಸರ್ ತಂದಿಟ್ಟ. ಅಕ್ಕೋರು ಪಕ್ಕದಲ್ಲಿ ಕೂತರು. ಇಬ್ಬರೂ ಸೇರಿ ಹೊಸ ಪೆಟ್ಟಿಗೆ ಕಟ್ಟಿದರು. ಗುಡ್ಡದ ಬೋಳು ನೆತ್ತಿಯಲ್ಲಿ, ಮರಗಳಿಲ್ಲದ ಕಡೆ, ಅದನ್ನು ನಿಲ್ಲಿಸಿದರು. ಸೆನ್ಸರ್ ಮಾತಾಡುವುದು ನಿಲ್ಲಿಸಿದರೆ ಪೆಟ್ಟಿಗೆಗೆ ತಿಳಿಯಬೇಕು; ಪೆಟ್ಟಿಗೆ ಮಾತಾಡುವುದು ನಿಲ್ಲಿಸಿದರೆ ಬ್ರೋಕರನಿಗೆ ತಿಳಿಯಬೇಕು; ಬ್ರೋಕರನೇ ಸಿಗದಿದ್ದರೆ ದೀಪಕ್ಕೆ ತಿಳಿಯಬೇಕು. ಹಾಗೆ ಒಂದೊಂದನ್ನೇ ಕೂಡಿಸುತ್ತ ಬಂದರು.

ಉಯಿಲು ಬರೆಸುವ ಹೊತ್ತು ಬಂತು. ಗುರುಪಾದ ಕೆಂಪು ಎಂದು ಬರೆದ.

ಅಕ್ಕೋರು ಅವನ ಕೈ ಹಿಡಿದರು. "ಸುದ್ದಿ ಬರಲಿಲ್ಲ ಅಂದ್ರ, ಹೊಳಿ ಬಂತು ಅಂತ ಅರ್ಥ ಏನು?"

"ಅಲ್ರಿ."

"ಗೊತ್ತಿಲ್ಲದ್ದನ್ನ ನಾನು ಕೆಂಪು ಅಂತ ಕಲಿಸಿದೆ. ಜನ ನಕ್ಕರು. ಆ ನಗಿಗೆ ಸೋತು ನೀನು ಉಯಿಲು ಅಳಿಸಿದಿ." ಅವರು ಅವನ ಕೈ ಬಿಟ್ಟರು. "ಆ ಕೆಂಪನ್ನ ಅಳಿಸು. ಸುದ್ದಿ ಬರದಿದ್ರ ದೀಪ ಆರಲಿ."

ಗುರುಪಾದ ಹಾಗೆಯೇ ಬರೆದ.

ಹರಗೋಲು ಮತ್ತೆ ನೀರಿಗಿಳಿಯುವ ದಿನ ಊರಿನವರು ದಂಡೆಗೆ ಬಂದರು. ಕಾಶವ್ವ ಬರಲಿಲ್ಲ. ಗುರುಪಾದ ಬಾಳಪ್ಪನಿಗೆ ಹಸಿರು ತೋರಿಸಿದ, ಕೆಂಪು ತೋರಿಸಿದ. ಆಮೇಲೆ ಗುಡ್ಡದ ಮೇಲಿನ ಪೆಟ್ಟಿಗೆಯನ್ನು ಬಂದ್ ಮಾಡಲು ಅಲ್ಲಿದ್ದ ಇನ್ನೊಬ್ಬ ಶಿಷ್ಯನಿಗೆ ಫೋನು ಮಾಡಿದ. ತುಸು ಹೊತ್ತಿನಲ್ಲಿ ದೀಪ ಆರಿತು.

ಬಾಳಪ್ಪ ಆರಿದ ದೀಪವನ್ನೇ ನೋಡುತ್ತ ನಿಂತ. ಹೆಂಗಸರೂ ನೋಡಿದರು.

"ಹಸಿರ ತಿಳೀತು, ಕೆಂಪ ತಿಳೀತು," ಎಂದ ಬಾಳಪ್ಪ. "ಇದಕ್ಕ ಏನ ಅರ್ಥರಿ? ಹೊಳಿ ಬರತೈತಿ ಅಂತನೋ, ಬರೂದಿಲ್ಲ ಅಂತನೋ?"

ಗುರುಪಾದ ಅಕ್ಕೋರ ಕಡೆ ನೋಡಿದ.

ಅಕ್ಕೋರು ಹೇಳಿದರು, "ನಮಗ ಗೊತ್ತಿಲ್ಲ ಅಂತ ಅರ್ಥ, ಬಾಳಪ್ಪ."