ಕೊರಳಿನ ಚೀಟಿ, ತೆರೆಯದ ಇಮೇಲು

ಪಿಎಚ್‌ಡಿ ವಿದ್ಯಾರ್ಥಿ ತಿಪ್ಪೇಶನ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಗೆ ಬಲು ಜಂಬ. ಅವನ ಮೊಬೈಲಿನಲ್ಲಿ ಮೂಲೆಗುಂಪಾಗಿದ್ದ ವಿಶ್ವವಿದ್ಯಾಲಯದ ಇಮೇಲು ಒಂದು ದಿನ, "ಚೀಟಿಯಣ್ಣಾ, ನಿನ್ನ ವಿಷಯವಾಗಿಯೇ ಪತ್ರ ಬಂದಿದೆ, ಸ್ವಲ್ಪ ಕೇಳು" ಎಂದಿತು.

"ನನ್ನನ್ನು ಕಂಡರೆ ಕಾವಲುಗಾರ ಸಲಾಮು ಹೊಡೆಯುತ್ತಾನೆ. ನಿನ್ನನ್ನು ತಿಪ್ಪೇಶನೇ ತಿರುಗಿ ನೋಡುವುದಿಲ್ಲ. ನಿನ್ನ ಮಾತು ನಾನೇಕೆ ಕೇಳಲಿ?" ಎಂದಿತು ಚೀಟಿ.

ಮರುದಿನ ಗ್ರಂಥಾಲಯದ ಬಾಗಿಲು ಚೀಟಿಯನ್ನು ಒಳಗೆ ಬಿಡಲಿಲ್ಲ. "ನಿನ್ನ ಅವಧಿ ಮುಗಿದಿದೆ. ನವೀಕರಿಸುವ ದಾರಿ ಇಮೇಲಿನಲ್ಲಿದೆ, ಹೋಗಿ ಕೇಳು" ಎಂದಿತು.

ಇಮೇಲು ತೆರೆಯಲು ಹೋದರೆ ಅದು ಪಾಸ್‌ವರ್ಡ್ ಕೇಳಿತು; ತಿಪ್ಪೇಶನಿಗೆ ಅದೇ ಮರೆತುಹೋಗಿತ್ತು. ಹೊಸದನ್ನು ಕೇಳಲು ಕಂಪ್ಯೂಟರ್ ವಿಭಾಗಕ್ಕೆ ಓಡಿದ.

"ಅದಕ್ಕೇನು, ಕೊಡೋಣ," ಎಂದರು ಅಲ್ಲಿನ ಸಿಬ್ಬಂದಿ ನೀಲಗಂಗಮ್ಮ. "ಅವಧಿ ಮುಗಿಯದ ಗುರುತಿನ ಚೀಟಿ ತೋರಿಸಿ."

ಚೀಟಿ ಮೆಲ್ಲಗೆ ತಿರುಗಿ ತಿಪ್ಪೇಶನ ಅಂಗಿಯಲ್ಲಿ ಮುಖ ಮುಚ್ಚಿಕೊಂಡಿತು.