ದಿಂಬಿಲ್ಲದ ಸಾಹುಕಾರ

ರಾಜರು ಆಳುತ್ತಿದ್ದ ಕಾಲದ ಫ್ರಾನ್ಸು. ಲ್ವಾರ್ ನದಿಯ ದಂಡೆಯಲ್ಲೊಂದು ದೋಣಿಮನೆ. ಅದರ ಅಟ್ಟದಲ್ಲಿ ಗಾಸ್ಪಾರ್ ಎಂಬ ಮುದುಕರಿದ್ದರು.

ನಾಟಕ ಬರೆದೇ ಮುದುಕರಾದವರು. ರಾಜಧಾನಿಯಲ್ಲಿ ದೊಡ್ಡವರನ್ನು ಲೇವಡಿ ಮಾಡಿ ಹೆಸರು ಗಳಿಸಿದರು, ಅದೇ ದೊಡ್ಡವರ ಕೃಪೆಯಿಂದ ಜೈಲು ಕಂಡರು. ಹೊರಗೆ ಬಂದು ಇನ್ನೊಂದು ಬರೆದರು. ಅದನ್ನು ಚೌಕದಲ್ಲಿ ಸುಟ್ಟರು. ಮತ್ತೊಂದು ಬರೆದರು. ಕೊನೆಗೆ ಸುಡುವವರಿಗೇ ಬೇಜಾರಾಗಿ ರಾಜಧಾನಿಯಿಂದ ಹೊರಗಟ್ಟಿದರು.

ಅವರಿಗೆ ಒಬ್ಬಳೇ ಶಿಷ್ಯೆ, ಸೊಲಾಂಜ್. ಅವಳ ನಾಟಕಕ್ಕೆ ಅವಳ ಹೆಸರು ಹಾಕಿರಲಿಲ್ಲ. ಹೆಂಗಸು ಬರೆದದ್ದು ಅಂತ ಗೊತ್ತಾದರೆ ಜನ ನಗುವುದಿಲ್ಲ ಎಂದು ನಾಟಕಶಾಲೆಯ ಯಜಮಾನ ಹೇಳಿದ್ದ.

ಒಂದು ಬೆಳಿಗ್ಗೆ ಸೊಲಾಂಜ್ ಅಟ್ಟದ ಏಣಿ ಮುರಿಯುವ ಹಾಗೆ ತುಳಿಯುತ್ತ ಬಂದಳು. ಕೈಯಲ್ಲಿ ಬುಟ್ಟಿ, ಬುಟ್ಟಿ ತುಂಬ ಬ್ರೆಡ್ಡು.

“ಇದನ್ನ ನದಿಗೆ ಎಸೆಯೋಕೆ ಬಂದೆ, ಮೇಷ್ಟ್ರೇ. ಎಸೆಯೋ ಮುಂಚೆ ನಿಮಗೆ ತೋರಿಸೋಣ ಅಂತ.”

“ಯಾರು ಕೊಟ್ಟಿದ್ದು?”

“ಬ್ರೆಸಾರ್.”

ಬ್ರೆಸಾರ್ ಊರಿನ ಹಿಟ್ಟಿನ ಸಾಹುಕಾರ. ಊರಿಗೆ ಮಾರುವ ಹಿಟ್ಟಿಗೆ ಸುಣ್ಣದ ಪುಡಿ ಬೆರೆಸುತ್ತಾನೆಂದು ಎಲ್ಲರಿಗೂ ಗೊತ್ತು, ಹೇಳುವವರಿಲ್ಲ. ಆ ಹಿಟ್ಟಿನ ಬ್ರೆಡ್ಡು ತಿಂದು ಹೊಟ್ಟೆ ಕೆಟ್ಟು, ಸೊಲಾಂಜಳ ಅಣ್ಣ ರೆಮಿಯ ಮಗು ಚಳಿಗಾಲದಲ್ಲಿ ತೀರಿಕೊಂಡಿತ್ತು. ಅವಳು ತನ್ನ ಮೊದಲ ನಾಟಕ ಬರೆದದ್ದೇ ಅದಕ್ಕೆ. ಊರೆದುರು ಬ್ರೆಸಾರ್ ತಲೆ ತಗ್ಗಿಸಬೇಕು, ಒಮ್ಮೆಯಾದರೂ.

ನಿನ್ನೆ ಆ ನಾಟಕ ಆಡಿದ್ದರು.

“ಬಂದಿದ್ದನಾ?”

“ಬಂದಿದ್ದ. ರಂಗದ ಮೇಲೇ ಕೂತಿದ್ದ.”

ಆಗಿನ ಪದ್ಧತಿ ಹಾಗೆ. ಬಡವರು ಕೆಳಗೆ ನಿಂತು ನೋಡಬೇಕು. ಹಣವಂತರಿಗೆ ರಂಗದ ಮೇಲೆಯೇ, ನಟರ ಪಕ್ಕದಲ್ಲೇ ಕುರ್ಚಿಗಳ ಸಾಲು. ಅವರು ಬರುತ್ತಿದ್ದುದು ನೋಡುವುದಕ್ಕಲ್ಲ, ನೋಡಿಸಿಕೊಳ್ಳುವುದಕ್ಕೆ. ನಟರು ಪಾಪ, ಅವರ ಮೊಣಕಾಲು ತಪ್ಪಿಸಿಕೊಂಡು ಪ್ರೇಮಿಸಬೇಕು, ತಪ್ಪಿಸಿಕೊಂಡೇ ಸಾಯಬೇಕು.

“ತಲೆ ತಗ್ಗಿಸಿದನಾ?”

“ನಕ್ಕ. ಎಲ್ಲರಿಗಿಂತ ಜೋರಾಗಿ, ತೊಡೆ ತಟ್ಟಿಕೊಂಡು ನಕ್ಕ. ‘ಆಚೆ ಊರಿನ ಹಿಟ್ಟಿನವನು ಥೇಟ್ ಹೀಗೇ ಕಣಯ್ಯ’ ಅಂತ ಪಕ್ಕದವನಿಗೆ ಹೇಳಿದ. ಇವತ್ತು ಆಳಿನ ಕೈಲಿ ನಾಟಕಶಾಲೆಗೆ ಈ ಬುಟ್ಟಿ, ಬರೆದವರು ಯಾರೋ ಅವರಿಗೆ ಅಂತ. ತನ್ನ ಮನೆ ಒಲೆಯದಂತೆ. ನಗಿಸಿದ್ದಕ್ಕೆ ಮರ್ಯಾದೆಯಂತೆ.”

ಗಾಸ್ಪಾರ್ ಒಂದು ಬ್ರೆಡ್ಡು ತೆಗೆದು ಮುರಿದರು. ಮೂಸಿದರು. ತಿಂದರು.

ಸೊಲಾಂಜಳಿಗೆ ಮೈ ಉರಿಯಿತು. “ರುಚಿಯಾಗಿದೆಯಾ?”

“ಚೆನ್ನಾಗಿದೆ. ಇದರಲ್ಲಿ ಸುಣ್ಣ ಇಲ್ಲ.” ಇನ್ನೊಂದು ತುಂಡು ಬಾಯಿಗಿಟ್ಟರು. “ನಿನ್ನ ನಾಟಕದಲ್ಲಿದೆ.”

ಅವಳು ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. “ಏನಂದ್ರಿ?”

“ನಿನ್ನ ನಾಟಕದ ಸಾಹುಕಾರ ಹೇಗಿದ್ದಾನೆ?”

“ದಪ್ಪ. ನಟನ ಹೊಟ್ಟೆಗೆ ದಿಂಬು ಕಟ್ಟಿಸಿದ್ದೆ. ಕೆಂಪು ಮೂಗು. ತೊದಲು ಮಾತು.”

“ಬ್ರೆಸಾರ್?”

“ಸಣಕಲ. ಕಪ್ಪು ಕೋಟು. ಮೆತ್ತಗೆ ಮಾತಾಡ್ತಾನೆ.”

“ಮತ್ತೆ ದಿಂಬು ಯಾಕೆ?”

“ಜನ ನಗಲಿ ಅಂತ.”

“ನಕ್ಕರಲ್ಲ. ಅವನೂ ನಕ್ಕ. ದಿಂಬು ನೋಡಿ ನಕ್ಕ. ಅದರಲ್ಲಿ ಅವನ ತಪ್ಪೇನು?”

ಸೊಲಾಂಜ್ ಕಿಟಕಿಯ ಹತ್ತಿರ ಹೋದಳು.

“ಅವನನ್ನ ಹತ್ತಿರದಿಂದ ಯಾವಾಗ ನೋಡಿದೆ?”

“ಮಗುನ ಮಣ್ಣು ಮಾಡಿದ ದಿನ.” ಅವಳು ಕಿಟಕಿಯಾಚೆ ನದಿಯನ್ನು ನೋಡಿದಳು. “ಬಂದಿದ್ದ. ಟೋಪಿ ತೆಗೆದ. ಅಣ್ಣನ ಹೆಗಲ ಮೇಲೆ ಕೈ ಇಟ್ಟು, ‘ಎಳೇ ಮಕ್ಕಳ ಹೊಟ್ಟೆ ಸೂಕ್ಷ್ಮ ಕಣಪ್ಪ, ತಾಯಿ ಆದವಳು ನೋಡ್ಕೋಬೇಕು’ ಅಂದ. ಅತ್ತಿಗೆ ಅಲ್ಲೇ ನಿಂತಿದ್ದಳು.”

“ನಿಮ್ಮಣ್ಣ ಏನಂದ?”

“‘ಬಂದಿದ್ದು ಉಪಕಾರ ಆಯ್ತು ಸ್ವಾಮಿ’ ಅಂದ.”

“ಇದನ್ನ ಯಾಕೆ ಬರೀಲಿಲ್ಲ?”

“ಇದರಲ್ಲಿ ನಗೋಕೇನಿದೆ?”

ಗುರು ಇನ್ನೊಂದು ತುಂಡು ಮುರಿದುಕೊಂಡರು. ಬ್ರೆಡ್ಡು ಜಗಿಯುತ್ತ ಕೂತರು.

ಅವಳು ಬಂದು ಬುಟ್ಟಿಯ ಪಕ್ಕ ಕೂತಳು. “ಹೆದರಿಕೆ ಆಯ್ತು, ಮೇಷ್ಟ್ರೇ. ದಿಂಬು ಇದ್ದರೆ, ‘ನಿಮ್ಮನ್ನಲ್ಲ ಸ್ವಾಮಿ, ಇನ್ಯಾರನ್ನೋ’ ಅಂತ ತಪ್ಪಿಸಿಕೋಬಹುದು.”

“ಹೋಗು. ದಿಂಬು ಬಿಚ್ಚಿ ಬರಿ. ಸಾಹುಕಾರನ ಪಾತ್ರ ನಾನು ಮಾಡ್ತೀನಿ.”

ಸಂತೆಯ ಮರುದಿನ ಮತ್ತೆ ಆಟವಿತ್ತು. ಬ್ರೆಸಾರ್ ಗೆಳೆಯರನ್ನೂ ಕಟ್ಟಿಕೊಂಡು ಬಂದು ರಂಗದ ಮೇಲೆ ಕೂತ. ‘ಹೊಟ್ಟೆ ಹುಣ್ಣಾಗತ್ತೆ, ನೋಡ್ತಿರಿ’ ಎಂದು ಅವರಿಗೆ ಮೊದಲೇ ಹೇಳಿಟ್ಟಿದ್ದ.

ಆಟ ಶುರುವಾಗುವಾಗ ಕೋಲಿನಿಂದ ನೆಲ ಕುಟ್ಟುವುದು ಅಲ್ಲಿನ ರೂಢಿ. ಗಾಸ್ಪಾರ್ ಇವತ್ತು ಕೋಲು ಬೇಡ ಎಂದರು.

ಸೊಲಾಂಜ್ ಪರದೆಯ ಸಂದಿಯಲ್ಲಿ ನಿಂತಳು.

ಗಾಸ್ಪಾರ್ ಕಪ್ಪು ಕೋಟು ತೊಟ್ಟು, ತಡವಾಗಿ ಬಂದ ಹಣವಂತರ ಹಾಗೆ ಬಂದು, ಬ್ರೆಸಾರನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಅಟ್ಟದ ಮುದುಕನ ಮುಖ ಕಂಡಿರದ ಬ್ರೆಸಾರ್, ಯಾರೋ ತನ್ನಂಥ ದೊಡ್ಡ ಮನುಷ್ಯ ಅಂದುಕೊಂಡು ಕಾಲು ಸರಿಸಿ ಜಾಗ ಕೊಟ್ಟ. ನಶ್ಯದ ಡಬ್ಬಿಯನ್ನೂ ಮುಂದೆ ಹಿಡಿದ.

ಗಾಸ್ಪಾರ್ ಒಂದು ಚಿಟಿಕೆ ತೆಗೆದುಕೊಂಡರು. ಕರವಸ್ತ್ರಕ್ಕೆ ಸೀನಿದರು. ಆಮೇಲೆ ಕೆಳಗೆ ನಿಂತವರ ಕಡೆ ತಿರುಗಿ, ಮೆತ್ತಗೆ ಮಾತಿಗಿಳಿದರು. “ಕಾಲ ಕೆಟ್ಟಿದೆ. ಗೋಧಿ ಸಿಗೋದಿಲ್ಲ. ನಾವೂ ಎಷ್ಟೂಂತ ನಷ್ಟ ಮಾಡಿಕೊಳ್ಳೋಣ?”

“ನಿಜ, ನಿಜ,” ಎಂದು ಬ್ರೆಸಾರ್ ತಲೆಯಾಡಿಸಿದ.

“ಬಡವರಿಗೆ ಏನು ಕೊಟ್ಟರೂ ದೂರು.”

“ಸರಿಯಾಗಿ ಹೇಳಿದಿರಿ.”

ಆಗ ಒಬ್ಬ ನಟ ಎದೆಗೆ ಪುಟ್ಟದೊಂದು ಬಿಳಿ ಗಂಟು ಅವಚಿಕೊಂಡು ರಂಗಕ್ಕೆ ಬಂದ. ಗಾಸ್ಪಾರ್ ಎದ್ದರು. ಟೋಪಿ ತೆಗೆದರು. ಅವನ ಹೆಗಲ ಮೇಲೆ ಕೈ ಇಟ್ಟರು.

“ಎಳೇ ಮಕ್ಕಳ ಹೊಟ್ಟೆ ಸೂಕ್ಷ್ಮ ಕಣಪ್ಪ. ತಾಯಿ ಆದವಳು ನೋಡ್ಕೋಬೇಕು.”

“ಬಂದಿದ್ದು ಉಪಕಾರ ಆಯ್ತು ಸ್ವಾಮಿ,” ಎಂದ ನಟ.

ಬ್ರೆಸಾರನ ತಲೆ ಆಡುತ್ತಿದ್ದದ್ದು ಅರ್ಧಕ್ಕೆ ನಿಂತಿತು.

ಯಾರೂ ನಗಲಿಲ್ಲ. ಆಮೇಲೆ ಕೆಳಗಿನಿಂದ ಒಂದು ನಗು ಬಂತು, ಒಣ ಕಟ್ಟಿಗೆ ಮುರಿದ ಹಾಗೆ. ನಕ್ಕವಳು ರೆಮಿಯ ಹೆಂಡತಿ. ಆಮೇಲೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ನಗುತ್ತಲೇ ಅವರ ಕಣ್ಣು ಒಂದು ಕಪ್ಪು ಕೋಟಿನಿಂದ ಇನ್ನೊಂದು ಕಪ್ಪು ಕೋಟಿಗೆ ಹೊರಳಿತು.

“ಇಬ್ಬರಲ್ಲಿ ನಾಟಕದೋನು ಯಾರೋ?” ಎಂದ ಒಬ್ಬ.

“ಇಬ್ಬರೂನೂ,” ಎಂದಳು ರೆಮಿಯ ಹೆಂಡತಿ.

ಬ್ರೆಸಾರ್ ಎದ್ದ. ಆದರೆ ರಂಗದ ಮೇಲೆ ಕೂತವನಿಗೆ ಹೊರಗೆ ಹೋಗುವ ದಾರಿಯೂ ರಂಗದ ಮೇಲೆಯೇ. ಊರಿನ ಎದುರು ಈ ಕೊನೆಯಿಂದ ಆ ಕೊನೆಗೆ ನಡೆಯಬೇಕು. ನಡೆದ. ಒಳ್ಳೆಯ ನಟ ನಿರ್ಗಮಿಸುವಾಗ ತಟ್ಟುವಂತೆ ಜನ ಚಪ್ಪಾಳೆ ತಟ್ಟಿದರು. ಪರದೆಯ ಬಳಿ ಬಂದಾಗ ಅವನ ತಲೆ ತಗ್ಗಿತ್ತು. ಕಿವಿ ಕೆಂಪಾಗಿದ್ದನ್ನು ಸೊಲಾಂಜ್ ಕಣ್ಣಾರೆ ಕಂಡಳು.

ಬೆಳಗಾಗುವಷ್ಟರಲ್ಲಿ ನಾಟಕಶಾಲೆಗೆ ಬೀಗ ಬಿತ್ತು. ಊರಿನ ನೆಮ್ಮದಿ ಕೆಡಿಸಿದ ಮುದುಕ ಕೂಡಲೇ ಗಡಿ ದಾಟಬೇಕೆಂದು ಆಜ್ಞೆಯಾಯಿತು. ಮಗುವಿನ ಸಾವಿನಿಂದ ಕೆಡದ ನೆಮ್ಮದಿ ಅದು.

ಸೊಲಾಂಜ್ ದಂಡೆಗೆ ಓಡಿ ಬಂದಾಗ ಗಾಸ್ಪಾರ್ ದೋಣಿಗೆ ಗಂಟು ಏರಿಸುತ್ತಿದ್ದರು.

“ನಾಟಕಶಾಲೆಗೆ ಬೀಗ. ನಟರು ಬೀದಿಯಲ್ಲಿ. ಈ ವಯಸ್ಸಲ್ಲಿ ನಿಮಗೆ ಗಡೀಪಾರು. ಹಿಟ್ಟಲ್ಲಿ ಇವತ್ತೂ ಸುಣ್ಣ.” ಅವಳು ದೋಣಿಯ ಅಂಚು ಹಿಡಿದು ನಿಂತಳು. “ನಾನು ಬರೆದದ್ದು ಸರಿಯೋ ತಪ್ಪೋ, ಅದನ್ನಾದರೂ ಹೇಳಿ ಹೋಗಿ.”

ಗಾಸ್ಪಾರ್ ದೋಣಿಯ ಹಗ್ಗ ಬಿಚ್ಚಿದರು.

“ಮೊದಲನೇ ನಾಟಕಕ್ಕೆ ಅವನು ಬ್ರೆಡ್ಡು ಕಳಿಸಿದ. ಇದಕ್ಕೆ ಬೀಗ ಕಳಿಸಿದ. ಯಾವುದರಲ್ಲಿ ಸುಣ್ಣ ಇಲ್ಲ ಅನ್ನೋದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು, ಮಗಳೇ?”